ಎರಡನೆಯ ಸಲದ ರೊಟ್ಟಿ

ಒಂದು ಭಾನುವಾರದ ಆರಾಧನೆಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಅಕ್ಕ ಬೆರಳು ಮಡಿಸಿ ಹೇಳುತ್ತಿದ್ದಳು. ನೆಲ ಒರೆಸುವ ಫಿನಾಯಿಲು, ಮೈಕು ಮತ್ತು ಫ್ಯಾನಿನ ಕರೆಂಟು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ದಿನವಾದರೆ ಒಂದು ಬಾಟಲಿ ದ್ರಾಕ್ಷಾರಸ. ರೊಟ್ಟಿ ಬಿಟ್ಟಿ, ಅದನ್ನು ಬೇಕರಿ ಮಾವ ತನ್ನ ಒಲೆಯಲ್ಲೇ ಸುಟ್ಟು ತರುತ್ತಿದ್ದ. ಎಲ್ಲ ಸೇರಿದರೂ ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ ದಾಟುತ್ತಿರಲಿಲ್ಲ. ಲೆಕ್ಕಕ್ಕೆ ಬಾರದ ಖರ್ಚು ಬೇರೆ ಇತ್ತು. ಅದು ಅಯ್ಯನವರನ್ನು ಉಪದೇಶ ಹೇಳುವ ಪ್ರಸಂಗಪೀಠದ ಹಿಂದೆ ಒಂದು ಗಂಟೆ ನೆಟ್ಟಗೆ ನಿಲ್ಲಿಸುವ ಖರ್ಚು. ಅದಕ್ಕೆ ಅಕ್ಕನ ಇಡೀ ಶನಿವಾರ ಹೋಗುತ್ತಿತ್ತು, ಗಂಟಲು ಹೋಗುತ್ತಿತ್ತು, ನಿದ್ದೆ ಹೋಗುತ್ತಿತ್ತು. ಈಚೆಗೆ ನಿಜ ಹೇಳುವ ಅಭ್ಯಾಸವೂ ಹೋಗಿತ್ತು.

ಅಯ್ಯನವರೆಂದರೆ ಆ ಪುಟ್ಟ ಕ್ರೈಸ್ತ ಸಭೆಯ ಪಾಸ್ಟರು, ಅಕ್ಕನ ಗಂಡ. ಅವರಿಗೆ ಮರೆವು ಹಿಡಿದಿತ್ತು. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ, ಕನ್ನಡಕ ಇರುವುದು ಯಾತಕ್ಕೆ ಎನ್ನುವ ಮರೆವು. ಡಾಕ್ಟರು ಅಕ್ಕನನ್ನು ಬೇರೆ ಕರೆದು, "ಇದು ಇಳಿಯೋ ಮೆಟ್ಟಿಲಮ್ಮ, ಹತ್ತೋದಲ್ಲ. ಮನೇಲಿ ನಾಲ್ಕು ಜನಕ್ಕೆ ಹೇಳಿಡಿ" ಎಂದಿದ್ದರು. ಅಕ್ಕ ತಲೆಯಾಡಿಸಿ ಬಂದಳು. ಮನೆಯಲ್ಲಿ ನಾಲ್ಕು ಜನ ಇರಲಿಲ್ಲ, ಮಕ್ಕಳಿಲ್ಲದ ಮನೆ. ಇದ್ದ ಜನವೆಲ್ಲ ಸಭೆಯ ಜನ. ಅವರಿಗೆ ಹೇಳಿದರೆ ಸುದ್ದಿ ಮೇಲಿನ ಕಚೇರಿಗೆ ಹೋಗುತ್ತದೆ, ಬೇರೆ ಪಾಸ್ಟರು ಬರುತ್ತಾರೆ. ಆರಾಧನೆಯ ಹಾಲಿನ ಹಿಂದಿದ್ದ ಎರಡು ಕೋಣೆ, ಒಂದು ಅಡುಗೆಮನೆ ಸೇವೆಯಲ್ಲಿರುವ ಪಾಸ್ಟರಿಗೆ ಮಾತ್ರ. ಹೊರಗೆ ಅಂಥದೇ ಮನೆ ಹಿಡಿಯಬೇಕಾದರೆ ಮುಂಗಡಕ್ಕೇ ಒಂದು ವರ್ಷದ ಸಂಬಳ ಸಾಲದು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೆಸರು ಮರೆತ, ದಾರಿ ಮರೆತ ಮನುಷ್ಯ ಭಾನುವಾರ ಮಾತ್ರ ಆ ಬಿಳಿ ಅಂಗಿ ತೊಟ್ಟಾಗ ತಾನು ಯಾರೆಂದು ನೆನಪಿಟ್ಟುಕೊಳ್ಳುತ್ತಿದ್ದರು. ಅಂಗಿ ಕಿತ್ತುಕೊಂಡರೆ ಒಳಗೆ ಯಾರು ಉಳಿಯುತ್ತಾರೆ?

ಹಾಗಾಗಿ ಅಕ್ಕ ಮಡಿಲಲ್ಲಿ ಕೆಂಡ ಕಟ್ಟಿಕೊಂಡಳು.

ಶನಿವಾರ ಗಂಡನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ತರಕಾರಿ ಹೆಚ್ಚುತ್ತ, ಹಳೆಯ ಪ್ರಸಂಗವೊಂದನ್ನು ಅವರ ಬಾಯಿಂದಲೇ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಹೊಸದು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಳೆಯದು ಗೋಡೆಯ ಗಾರೆಯ ಹಾಗೆ ಅಲ್ಲಲ್ಲಿ ಅಂಟಿಕೊಂಡಿತ್ತು. ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿದ್ದದ್ದು ಸಭೆ ಒಂದು ದೇಹ, ನಾವೆಲ್ಲ ಅದರ ಅಂಗ ಎನ್ನುವ ಪ್ರಸಂಗ. ಅದರಲ್ಲಿ ಅವರದೇ ಒಂದು ತಮಾಷೆ ಇತ್ತು: "ಎಲ್ಲಾ ಕೆಲಸ ನಾನೇ ಮಾಡ್ತೀನಿ ಅಂತ ಕಣ್ಣು ಹೊರಟ್ರೆ, ಬೆನ್ನು ತುರಿಸೋರು ಯಾರು?" ಜನ ನಗುವವರೆಗೂ ಅವರು ಕಾಯುತ್ತಿದ್ದರು. ಈಚೆಗೊಂದು ಭಾನುವಾರ ಅದನ್ನು ಎರಡು ಸಲ ಹೇಳಿದರು. ಜನ ಎರಡು ಸಲವೂ ನಕ್ಕರು. ಸದ್ಯ, ಗಮನಿಸಲಿಲ್ಲ ಎಂದು ಅಕ್ಕ ಉಸಿರು ಬಿಟ್ಟಳು.

ನಿಜಕ್ಕೂ ಅವಳನ್ನು ಕಾಪಾಡುತ್ತಿದ್ದದ್ದು ಆ ಸಭೆಯ ಒಂದು ಹಳೆಯ ಪದ್ಧತಿ. ಆರಾಧನೆಯ ನಡುವೆ ಯಾರಿಗೆ ಮನಸ್ಸು ತುಂಬಿ ಬಂದರೂ ಎದ್ದು ಹಾಡು ಎತ್ತಬಹುದು. ಒಬ್ಬರು ಎತ್ತಿದರೆ ಎಲ್ಲರೂ ಎದ್ದು ಸೇರಬೇಕು. ಪ್ರಸಂಗ ನಡೆಯುತ್ತಿದ್ದರೂ ಸರಿಯೇ, ಪಾಸ್ಟರು ನಿಲ್ಲಿಸಬೇಕು. ಮೊದಲನೆಯ ಸಾಲಿನಲ್ಲಿ ಕೂತ ಅಕ್ಕ ಗಂಡನ ಕೈಯನ್ನೇ ನೋಡುತ್ತಿದ್ದಳು. ಮಾತಿನ ಎಳೆ ತಪ್ಪಿದ ಕೂಡಲೇ ಆ ಬಲಗೈ ಅಂಗಿಯ ಗುಂಡಿ ಹುಡುಕತೊಡಗುತ್ತಿತ್ತು. ಗುಂಡಿಗೆ ಕೈ ಹೋಯಿತೋ, ಅಕ್ಕ ಹಾಡು ಎತ್ತಿದಳು. ಹಾಡು ಮುಗಿಯುವಷ್ಟರಲ್ಲಿ ಪೀಠದ ಬಳಿ ಹೋಗಿ, ನೀರಿನ ಲೋಟ ಕೊಡುವ ನೆಪದಲ್ಲಿ, ಮುಂದಿನ ಮಾತನ್ನು ಕಿವಿಯಲ್ಲಿ ಹೇಳಿ ಬರುತ್ತಿದ್ದಳು.

"ಅಕ್ಕನಿಗೆ ಈಚೆಗೆ ಮನಸ್ಸು ತುಂಬೋದು ಜಾಸ್ತಿ ಆಗಿದೆ" ಎಂದು ಟೈಲರಮ್ಮ ಒಮ್ಮೆ ಕೆಣಕಿದಳು. ಬ್ಲೌಸು, ಶರ್ಟು ಹೊಲಿಯುವ ಅವಳ ನಾಲಗೆ ಕತ್ತರಿಗಿಂತ ಹರಿತ. "ಹೋದ ವಾರ ಐದು ಹಾಡು. ನನ್ನ ಮಂಡಿ ಹೇಳ್ತಿತ್ತು, ಅಮ್ಮಾ ತಾಯಿ, ಕೂರೋದಾದ್ರೆ ಕೂರು, ಏಳೋದಾದ್ರೆ ಏಳು ಅಂತ."

"ದೇವರ ಮುಂದೆ ಎದ್ದು ನಿಂತ್ರೆ ಮಂಡಿ ಸವೆಯಲ್ಲ."

"ಅದಿರ್ಲಿ. ಅಕ್ಕಾ, ಮಕ್ಕಳ ಕ್ಲಾಸು ನಾನು ತಗೊಳ್ಳಲಾ? ಅಯ್ಯನವರು ಸುಸ್ತಾದ ಹಾಗೆ ಕಾಣ್ತಾರೆ."

"ಅವರಿಗೇನಾಗಿದೆ? ಗುಂಡುಕಲ್ಲು ಇದ್ದ ಹಾಗಿದಾರೆ."

"ಗುಂಡುಕಲ್ಲಿಗೂ ಪಾಚಿ ಹಿಡಿಯುತ್ತೆ, ಅಕ್ಕಾ."

"ಸಾಕು, ನಿನ್ನ ಬಾಯಿಗೂ ಒಂದು ಹೊಲಿಗೆ ಹಾಕ್ಕೋ."

ಟೈಲರಮ್ಮ ನಕ್ಕಳು, ಆದರೆ ಎಂದಿನಷ್ಟು ನಗಲಿಲ್ಲ. ವೈರಿಂಗ್ ಕೆಲಸದ ಕರೆಂಟಣ್ಣ ಬುಧವಾರದ ಪ್ರಾರ್ಥನೆ ತಾನು ನಡೆಸುತ್ತೇನೆ ಎಂದಾಗಲೂ ಇದೇ ಆಯಿತು. ಬೇಕರಿ ಮಾವ ರೋಗಿಗಳ ಮನೆಗೆ ಜೊತೆಗೆ ಬರುತ್ತೇನೆ ಎಂದಾಗಲೂ ಇದೇ. ಹತ್ತಿರ ಬಂದವರಿಗೆ ಕಾಣುತ್ತದೆ. ಹಾಗಾಗಿ ಅಕ್ಕ ಯಾರನ್ನೂ ಹತ್ತಿರ ಬಿಡಲಿಲ್ಲ. ಆರಾಧನೆಯ ಹಾಲ್ ಗುಡಿಸುವುದು, ಕುರ್ಚಿ ಹಾಕುವುದು, ಕಪ್ಪು ತೊಳೆಯುವುದು, ರೋಗಿಗಳ ಮನೆಗೆ ಗಂಡನ ತೋಳು ಹಿಡಿದು ನಡೆಯುವುದು ಎಲ್ಲ ಅವಳೇ. ಸಭೆ ತನ್ನ ಎರಡು ಕೈ ಮೇಲೆ ನಿಂತಿದೆ ಎಂದು ಅವಳು ನಂಬಿದ್ದಳು.

ಆ ಸಭೆಯಲ್ಲಿ ಹಾಲಜ್ಜಿ ಎನ್ನುವ ಮುದುಕಿ ಇದ್ದಳು. ಆಯುಷ್ಯವೆಲ್ಲ ಮನೆಮನೆಗೆ ಹಾಲು ಹಾಕಿ, ಈಗ ಹಾಸಿಗೆ ಹಿಡಿದಿದ್ದಳು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಮಗಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಆ ಮಗಳು ಬಂದು, "ಅಮ್ಮ ಒಂದೇ ಕೇಳ್ತಾಳೆ ಅಕ್ಕಾ. ಅಯ್ಯನವರು ಬಂದು ಪ್ರಭುವಿನ ರೊಟ್ಟಿ ಕೊಟ್ಟು ಹೋಗ್ಲಿ ಅಂತ" ಎಂದಿದ್ದಳು. ಗುರುವಾರ ಬರುತ್ತೇವೆ ಎಂದು ಅಕ್ಕ ಮಾತು ಕೊಟ್ಟಳು.

ಗುರುವಾರ ಹೊರಡುವ ಹೊತ್ತಿಗೆ ಆರಾಧನೆಯ ಹಾಲಿನ ಹಿಂದಿನ ನಲ್ಲಿ ಕಿತ್ತುಬಂದು, ನೀರು ಕುರ್ಚಿಗಳ ಕಾಲು ಮುಳುಗುವಷ್ಟು ನುಗ್ಗಿತು. ಕರೆಂಟಣ್ಣನ ಮನೆ ಎರಡು ಬೀದಿ ಆಚೆ. ಒಂದು ಕೂಗು ಸಾಕಿತ್ತು. ಅಕ್ಕ ಕೂಗಲಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸವಿದ್ದ ಪುಟ್ಟ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, "ದಾರಿ ಗೊತ್ತಲ್ಲ ರೀ? ಸೇತುವೆ ದಾಟಿ, ಇಸ್ತ್ರಿ ಅಂಗಡಿ ಪಕ್ಕ. ಮುಂಚೆ ದಿನಾ ಹೋಗ್ತಿದ್ರಿ" ಎಂದು ಕಳಿಸಿ, ತಾನು ನೀರು ಬಳಿಯಲು ನೆಲಕ್ಕೆ ಕೂತಳು.

ಅಯ್ಯನವರು ಸಂಜೆಗೆ ಮೊದಲೇ ಬಂದರು. ಡಬ್ಬಿ ಖಾಲಿ ಇತ್ತು.

"ಅಜ್ಜಿ ಹೇಗಿದಾಳೆ?"

"ಚೆನ್ನಾಗಿದಾಳೆ. ಬಾಗಿಲಿಗೇ ಬಂದು ಹಾಲು ಕೊಟ್ಟಳು."

ಹಾಸಿಗೆ ಹಿಡಿದವಳು ಬಾಗಿಲಿಗೆ ಹೇಗೆ ಬಂದಳು? ಅನುಮಾನ ಒಂದು ಸಲ ಇಣುಕಿತು. ಅಕ್ಕ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು, ಮುಂದೆ ಕೇಳಲಿಲ್ಲ. ಕೇಳಿದರೆ ತಾನೇ ಎರಡು ಮೈಲಿ ನಡೆಯಬೇಕಿತ್ತು, ಸೊಂಟ ಆಗಲೇ ಮುರಿದಿತ್ತು.

ಶನಿವಾರ ಬೆಳಿಗ್ಗೆ ಹಾಲಜ್ಜಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೂ ಇಸ್ತ್ರಿಯ ಸುಟ್ಟ ವಾಸನೆ. ಅತ್ತು ಮುಗಿದ ಮುಖ.

"ಅಮ್ಮ ಹೋದಳು" ಎಂದಳು. "ನಾಳೆ ಆರಾಧನೆ ಮುಗಿದ ಮೇಲೆ ಮಣ್ಣು. ಅದನ್ನ ಹೇಳೋಕೆ ಬಂದೆ. ಇನ್ನೊಂದು ಕೇಳೋಕೂ ಬಂದೆ. ಅಯ್ಯನವರು ಯಾಕೆ ಬರಲಿಲ್ಲ?"

ಖಾಲಿ ಡಬ್ಬಿ ಅಕ್ಕನಿಗೆ ನೆನಪಾಯಿತು. ಆದರೂ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ. "ಜ್ವರ ಇತ್ತಮ್ಮ ಅವರಿಗೆ. ಮೈ ಕೆಂಡ ಆಗಿತ್ತು" ಎಂದಳು.

"ಗುರುವಾರದಿಂದ ಬಾಗಿಲು ಮುಚ್ಚೋಕೆ ಬಿಡ್ಲಿಲ್ಲ ಅವಳು. ಅಯ್ಯನವರು ಬಂದು ತಟ್ಟಿದ್ರೆ ನನಗೆ ಕೇಳಿಸಲ್ಲ, ತೆಗೆದಿಡು ಅಂತಿದ್ದಳು. ಚಳಿ ಗಾಳಿ ನುಗ್ತಿತ್ತು. ಹಾಗೇ ನೋಡ್ತಾ ಇದ್ದಳು." ಮಗಳು ಮೂಗು ಒರೆಸಿಕೊಂಡಳು. "ಜ್ವರ ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಆಗ್ತಿತ್ತು ಅಕ್ಕಾ. ಟೈಲರಮ್ಮನ್ನ ಕರೀತಿದ್ದೆ. ಬೇಕರಿ ಮಾವನ್ನ ಕರೀತಿದ್ದೆ. ಅವಳಿಗೆ ಸಭೆಯಿಂದ ಯಾರಾದ್ರೂ ಒಬ್ಬರು ಬಂದಿದ್ರೆ ಸಾಕಿತ್ತು."

ಅವಳು ಹೋದ ಮೇಲೆ ಅಕ್ಕ ಒಳಗೆ ಬಂದು ಗಂಡನ ಮುಂದೆ ನಿಂತಳು. ಅವರು ಕಿಟಕಿಯ ಬಳಿ ಕೂತು ಬೀದಿಯ ಸೈಕಲ್ಲುಗಳನ್ನು ನೋಡುತ್ತಿದ್ದರು.

"ರೀ, ಗುರುವಾರ ಎಲ್ಲಿಗೆ ಹೋಗಿದ್ರಿ?"

"ಹಾಲಜ್ಜಿ ಮನೆಗೆ. ನೀನೇ ಕಳಿಸಿದ್ಯಲ್ಲೇ."

"ಆ ರೊಟ್ಟಿ ಯಾರು ತಿಂದರು?"

ಬಲಗೈ ಅಂಗಿಯ ಗುಂಡಿ ಹುಡುಕಿತು. ಬಹಳ ಹೊತ್ತು ಹುಡುಕಿತು. ಆಮೇಲೆ ಅವರು ಚಿಕ್ಕ ಮಗುವಿನ ಹಾಗೆ ಅವಳ ಮುಖ ನೋಡಿ, "ಹಸಿವಾಗಿತ್ತು" ಎಂದರು.

ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ಆ ಸದ್ದಿನೊಳಗೆ ಅತ್ತಳು. ಆ ಶನಿವಾರ ಪ್ರಸಂಗ ಹೇಳಿಸಲಿಲ್ಲ.

ಭಾನುವಾರ ಪ್ರಭುಭೋಜನವಿತ್ತು. ಯಾವಾಗಲೂ ಹಿಂದೆ ಕೂರುತ್ತಿದ್ದ ಹಾಲಜ್ಜಿಯ ಮಗಳು ಅಂದು ಮುಂದೆ, ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಆಚೆ ಬೇಕರಿ ಮಾವ, ಟೈಲರಮ್ಮ. ಕರೆಂಟಣ್ಣ ಎಂದಿನಂತೆ ಗೋಡೆ ಪಕ್ಕ ಮೈಕಿನ ಪೆಟ್ಟಿಗೆಯ ಬಳಿ. ಅಯ್ಯನವರು ಪ್ರಾರ್ಥಿಸಿ, ರೊಟ್ಟಿ ಮುರಿದು, ತಟ್ಟೆ ಹಿಡಿದು ಸಾಲು ಸಾಲಾಗಿ ಬಂದರು. ಕೈ ಸ್ಥಿರವಾಗಿತ್ತು, ದನಿ ತುಂಬಿತ್ತು. ಎಲ್ಲರೂ ತಿಂದರು. ತಟ್ಟೆ ಮೇಜಿಗೆ ಹೋಯಿತು. ಇನ್ನು ದ್ರಾಕ್ಷಾರಸದ ಕಪ್ಪುಗಳನ್ನು ಎತ್ತಬೇಕು.

ಅಯ್ಯನವರು ಕಪ್ಪುಗಳನ್ನು ನೋಡಿದರು. ಗುಂಡಿಗೆ ಕೈ ಹೋಯಿತು. ಮತ್ತೆ ಕಣ್ಣು ಮುಚ್ಚಿ, ಆಗ ಹೇಳಿದ ಪ್ರಾರ್ಥನೆಯನ್ನೇ ಮೊದಲಿನಿಂದ ಶುರು ಮಾಡಿದರು.

ಅಕ್ಕ ಎದ್ದಳು. ಹಾಡು ಎತ್ತಬೇಕಿತ್ತು. ಬಾಯಿ ತೆರೆದಳು, ಪಕ್ಕದ ಕುರ್ಚಿಯಿಂದ ಇಸ್ತ್ರಿಯ ವಾಸನೆ ಬಂತು. ಹಾಡು ಎತ್ತಲಿಲ್ಲ. ಇಡೀ ಹಾಲಿನಲ್ಲಿ ಅವಳೊಬ್ಬಳೇ ನಿಂತಿದ್ದಳು.

ಅಯ್ಯನವರು ಮತ್ತೆ ರೊಟ್ಟಿ ಮುರಿದರು. ಮತ್ತೆ ತಟ್ಟೆ ಹಿಡಿದು ಕೆಳಗಿಳಿದರು. ಮೊದಲು ಬೇಕರಿ ಮಾವನ ಮುಂದೆ ನಿಂತರು. ಮುಗಿಯಿತು, ಈಗ ಅವನು ತಬ್ಬಿಬ್ಬಾಗಿ ತಲೆಯೆತ್ತುತ್ತಾನೆ ಎಂದುಕೊಂಡಳು ಅಕ್ಕ.

ಬೇಕರಿ ಮಾವ ತಲೆಯೆತ್ತಲಿಲ್ಲ. ಕೈ ಚಾಚಿ, ಒಂದು ತುಂಡು ತೆಗೆದುಕೊಂಡು, ಮೊದಲ ಸಲದಷ್ಟೇ ಭಕ್ತಿಯಿಂದ ಬಾಯಿಗೆ ಹಾಕಿಕೊಂಡ. ಟೈಲರಮ್ಮ ತೆಗೆದುಕೊಂಡಳು. ಅವಳ ಹಿಂದಿನವರು ತೆಗೆದುಕೊಂಡರು. ಒಬ್ಬರ ಹುಬ್ಬೂ ಏರಲಿಲ್ಲ, ಒಬ್ಬರೂ ಪಕ್ಕದವರ ಮುಖ ನೋಡಲಿಲ್ಲ. ಗೊತ್ತಿಲ್ಲದವರು ಹಾಗೆ ತಿನ್ನುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ತಾನೇ ಎಂದು ಅಕ್ಕನಿಗೆ ಹೊಳೆಯಿತು.

ಅವಳು ಗಂಡನ ಕೈಯಿಂದ ತಟ್ಟೆ ತೆಗೆದುಕೊಂಡಳು. ಇನ್ನೂ ಎರಡು ಸಾಲಿಗೆ ಆಗುವಷ್ಟು ರೊಟ್ಟಿ ಉಳಿದಿತ್ತು.

"ಮಾವ, ಇಷ್ಟು ರೊಟ್ಟಿ ಯಾಕೆ ತಂದ್ರಿ?"

ಬೇಕರಿ ಮಾವ ನೆಲ ನೋಡಿದ. "ಹೋದ ತಿಂಗಳೂ ಹೀಗೇ ಆಯ್ತಲ್ಲಮ್ಮ. ನೀನು ಹಿಂದೆ ಕಪ್ಪು ಜೋಡಿಸ್ತಿದ್ದೆ. ಕೊನೆ ಸಾಲಿಗೆ ರೊಟ್ಟಿ ಸಾಲಲಿಲ್ಲ. ಅದಕ್ಕೇ ಈ ಸಲ ದೊಡ್ಡದು ಸುಟ್ಟೆ."

"ನಿಮಗೆ ಗೊತ್ತಿತ್ತು."

"ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ."

"ಒಂದೇ ತಮಾಷೆಗೆ ಎರಡು ಸಲ ನಕ್ಕಿದ್ದು ನಾನು ಮೊದಲು, ಆಮೇಲೆ ಉಳಿದವರು" ಎಂದಳು ಟೈಲರಮ್ಮ. ಕೆಣಕುವ ದನಿಯಲ್ಲ ಅದು. "ನಿಮ್ಮ ಬಾಗಿಲಿಗೆ ಎಷ್ಟು ಸಲ ಬಂದೆ ಅಕ್ಕಾ. ನೀವು ತೆಗೀಲೇ ಇಲ್ಲ."

ಗೋಡೆಯ ಬಳಿ ಕರೆಂಟಣ್ಣ ಎದ್ದು ನಿಂತಿದ್ದ. "ಅವರು ತಡವರಿಸಿದಾಗ ಮೈಕು ಸಣ್ಣ ಮಾಡ್ತಿದ್ದೆ. ಗುರುವಾರ ಸೇತುವೆ ಹತ್ರ ಬಸ್ ಸ್ಟಾಪಲ್ಲಿ ಕೂತಿದ್ರು. ಡಬ್ಬಿ ತೆಗೆದು ರೊಟ್ಟಿ ತಿಂತಾ ಇದ್ರು. ಕೈ ಹಿಡಿದು ನಿಮ್ಮ ಬೀದಿ ಮೂಲೆವರೆಗೂ ತಂದು ಬಿಟ್ಟೆ. ಒಳಗೆ ಬಂದ್ರೆ ನಿಮಗೆ ಅವಮಾನ ಆಗುತ್ತೆ ಅಂತ..." ಮಾತು ಅಲ್ಲಿಗೇ ನಿಂತಿತು. ಡಬ್ಬಿ ಯಾರ ಮನೆಗೆ ಹೊರಟಿತ್ತೆಂದು ಅವನಿಗೆ ಆಗಷ್ಟೇ ಹೊಳೆದಿತ್ತು.

ಹಾಲಜ್ಜಿಯ ಮಗಳು ಎದ್ದಳು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಎಲ್ಲರಿಗೂ ಗೊತ್ತಿತ್ತಾ?" ಎಂದಳು. "ಎಲ್ಲರಿಗೂ ಗೊತ್ತಿದ್ರೆ ನಮ್ಮಮ್ಮ ಯಾಕೆ ಕಾದಳು?"

ಅಕ್ಕ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿದಳು.

"ಕಾಯಿಸಿದ್ದು ನಾನು" ಎಂದಳು ಅಕ್ಕ. "ಜ್ವರ ಇರಲಿಲ್ಲ. ನಿನಗೆ ಸುಳ್ಳು ಹೇಳಿದೆ. ಮನೆ ಹೋಗುತ್ತೆ, ಇವರ ಮರ್ಯಾದೆ ಹೋಗುತ್ತೆ ಅಂತ ಯಾರಿಗೂ ಹೇಳ್ಲಿಲ್ಲ. ಒಬ್ಬರನ್ನೂ ಮುಟ್ಟಗೊಡಲಿಲ್ಲ. ಸಭೆ ಒಂದೇ ದೇಹ ಅಂತ ಇವರು ಇಷ್ಟು ವರ್ಷ ಹೇಳಿದ್ದನ್ನ ಎಲ್ಲರಿಗಿಂತ ಜಾಸ್ತಿ ಕೇಳಿದ್ದು ನಾನು. ಕೇಳಿದ್ದಷ್ಟೇ, ಹಾಗೆ ನಡೀಲಿಲ್ಲ."

"ನಾವೂ ಅಷ್ಟೇ" ಎಂದ ಕರೆಂಟಣ್ಣ. "ಎಲ್ಲರೂ ಒಬ್ಬೊಬ್ಬರೇ ಮುಚ್ಚಿಟ್ವಿ. ಕೂತು ಒಂದು ಮಾತಾಡಿದ್ರೆ ಅಜ್ಜಿ ಮನೆಗೆ ಒಬ್ಬರು ಹೋಗ್ತಿದ್ರು."

"ನೀವು ಮುಚ್ಚಿಟ್ಟಿದ್ದು ಅಯ್ಯನವರನ್ನ" ಎಂದಳು ಮಗಳು. "ಸತ್ತಿದ್ದು ನಮ್ಮಮ್ಮ."

ಇಷ್ಟು ಹೊತ್ತೂ ಅಯ್ಯನವರು ಬರಿಗೈಯಲ್ಲಿ ಪೀಠದ ಬಳಿ ನಿಂತಿದ್ದರು. ಈಗ ಹೆಂಡತಿಯ ಕಡೆ ಬಾಗಿ ಮೆಲ್ಲಗೆ, "ಇವರೆಲ್ಲ ಯಾಕೆ ಅಳ್ತಿದಾರೆ? ನಾನೇನಾದ್ರೂ ತಪ್ಪು ಹೇಳಿದ್ನಾ?" ಎಂದು ಕೇಳಿದರು. ಅಕ್ಕ ಅವರನ್ನು ಮೊದಲ ಸಾಲಿನ ತನ್ನ ಕುರ್ಚಿಯಲ್ಲಿ ಕೂರಿಸಿದಳು. ಅವರು ಸೇವೆಗೆ ಸೇರಿದ ಮೇಲೆ ಆ ಹಾಲಿನಲ್ಲಿ ಜನರ ನಡುವೆ ಕೂತದ್ದು ಅದೇ ಮೊದಲು. ಟೈಲರಮ್ಮ ಸರಿದು ಜಾಗ ಮಾಡಿ, ಅವರ ಕಾಲರಿನ ಮಡಿಕೆ ಸರಿಪಡಿಸಿದಳು.

ಕಪ್ಪುಗಳು ಇನ್ನೂ ಮೇಜಿನ ಮೇಲಿದ್ದವು. ಹಂಚಬೇಕಾದವರು ಕೂತಿದ್ದರು. ಬೇಕರಿ ಮಾವ ಎದ್ದು ಹೋಗಿ ಪ್ರಾರ್ಥನೆ ಮಾಡಿದ. ಜನರ ಮುಂದೆ ಅವನು ಎಂದೂ ಬಾಯಿ ತೆರೆದವನಲ್ಲ. ಎರಡು ಮಾತಿಗೆ ಬಿಕ್ಕಿ, ಮೂರನೆಯದಕ್ಕೆ ಆಮೆನ್ ಎಂದು ಮುಗಿಸಿಬಿಟ್ಟ. ಯಾರೂ ನಗಲಿಲ್ಲ. ಕಪ್ಪಿನ ತಟ್ಟೆಯನ್ನು ಕರೆಂಟಣ್ಣ ಹಿಡಿದ. ಹಾಲಜ್ಜಿಯ ಮಗಳು ಕಪ್ಪು ಮುಟ್ಟಲಿಲ್ಲ.

"ಮಣ್ಣಿಗೆ ಯಾರು ಬರ್ತೀರಿ?" ಎಂದಷ್ಟೇ ಕೇಳಿದಳು.

"ನೀನು ಯಾರನ್ನ ಬರಬೇಕು ಅಂತೀಯೋ ಅವರು" ಎಂದಳು ಅಕ್ಕ.

"ಎಲ್ಲರೂ ಬನ್ನಿ. ಗುರುವಾರ ಒಬ್ಬರೂ ಬರಲಿಲ್ಲ. ಇವತ್ತು ಎಲ್ಲರೂ ಬನ್ನಿ."

ಎಲ್ಲರೂ ಹೋದರು. ಸೇತುವೆಯ ಆಚೆಯ ಆ ಒಂದೇ ಕೋಣೆಯ ಮನೆಯಲ್ಲಿ ಅಷ್ಟು ಜನ ಹಿಡಿಸಲಿಲ್ಲ. ಅರ್ಧ ಜನ ಬೀದಿಯಲ್ಲಿ ನಿಂತರು. ಸ್ಮಶಾನದಲ್ಲಿ ಟೈಲರಮ್ಮ ಹಾಡು ಎತ್ತಿದಳು, ಶ್ರುತಿ ಎಲ್ಲೋ, ಅವಳೆಲ್ಲೋ. ಕರೆಂಟಣ್ಣ ಬೈಬಲಿನ ವಾಕ್ಯ ಓದುವಾಗ ಸಾಲು ತಪ್ಪಿ ಹಿಂದಕ್ಕೆ ಹೋದ. ಅಯ್ಯನವರು ಅಕ್ಕನ ಕೈ ಹಿಡಿದು ಹಿಂದೆ ನಿಂತಿದ್ದರು. "ಯಾರು ತೀರಿಕೊಂಡಿದ್ದು?" ಎಂದು ಕೇಳಿದರು.

"ಹಾಲಜ್ಜಿ."

"ಅಯ್ಯೋ. ನಾನು ಅವಳನ್ನ ನೋಡೋಕೆ ಹೋಗಬೇಕಿತ್ತು."

"ಹೌದು ರೀ" ಎಂದಳು ಅಕ್ಕ. "ಹೋಗಬೇಕಿತ್ತು."

ಮರುವಾರ ಸಭೆಯ ಹಿರಿಯನಾಗಿ ಬೇಕರಿ ಮಾವನೇ ಮೇಲಿನ ಕಚೇರಿಗೆ ವಿಷಯ ಮುಟ್ಟಿಸಿದ. ಅಷ್ಟು ಸಣ್ಣ ಸಭೆಗೆ ಪೂರ್ತಿ ಪಾಸ್ಟರನ್ನು ಕಳಿಸಲಾಗುವುದಿಲ್ಲ, ಹಿಂದಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಆರಾಧನೆಯ ಹಾಲಿನ ಖರ್ಚು ನೋಡಿಕೊಳ್ಳಿ ಎಂದು ಅಲ್ಲಿಂದ ಉತ್ತರ ಬಂತು. ಅಕ್ಕ ಮನೆ ಖಾಲಿ ಮಾಡಿದಳು. ಈಗ ಗಂಡ ಹೆಂಡತಿ ಟೈಲರಮ್ಮನ ಹೊಲಿಗೆ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದಾರೆ. ಹಗಲೆಲ್ಲ ಕೆಳಗೆ ಮೆಷಿನ್ನಿನ ಸದ್ದು. ಅಯ್ಯನವರು ಬಿಳಿ ಅಂಗಿ ತೊಡುವುದಿಲ್ಲ, ಕೇಳುವುದೂ ಇಲ್ಲ. ಅಕ್ಕನ ಹೆಸರು ಅವರಿಗೆ ಕೆಲವು ದಿನ ನೆನಪಿರುತ್ತದೆ. ನಾಲ್ಕು ಕುಟುಂಬ, ಪಾಸ್ಟರಿಲ್ಲದ್ದು ಸಭೆಯೇ ಅಲ್ಲ ಎಂದು ಬೇರೆ ಕಡೆ ಹೋದವು. ಉಳಿದವರು ಪಾಳಿ ಹಾಕಿಕೊಂಡು ಪ್ರಾರ್ಥನೆ ನಡೆಸುತ್ತಾರೆ, ಮಕ್ಕಳಿಗೆ ಕಲಿಸುತ್ತಾರೆ, ಹಾಲ್ ಗುಡಿಸುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಇಬ್ಬಿಬ್ಬರು ಹೋಗುತ್ತಾರೆ. ಆಮೇಲೆ ಯಾರೂ ಕಾದು ಸತ್ತಿಲ್ಲ.

ಹಾಲಜ್ಜಿಯ ಮಗಳು ಆ ಭಾನುವಾರದ ನಂತರ ಸಭೆಗೆ ಬಂದಿಲ್ಲ. ಅಕ್ಕ ಪ್ರತಿ ಗುರುವಾರ ಇಸ್ತ್ರಿ ಅಂಗಡಿಗೆ ಹೋಗಿ ಕರೆಯುತ್ತಾಳೆ. ಅವಳು ಬಟ್ಟೆಯಿಂದ ತಲೆ ಎತ್ತದೆ, "ಇವತ್ತು ಕೆಲಸ ಜಾಸ್ತಿ ಇದೆ ಅಕ್ಕಾ" ಎನ್ನುತ್ತಾಳೆ.